ದೇರೆಬೈಲಿನ ಉಪ್ಪರಿಗೆ ಮನೆ

ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಆ ಕಾಗದ ಅಂಟಿಸಿದ ದಿನ ನಾನು ಅದರ ಮುಂದೆ ನಿಂತು, ಪಕ್ಕದ ಕೋಣೆಯಲ್ಲಿದ್ದ ವಾರ್ಡನ್‌ಗೆ ಕೇಳಲಿ ಎಂದೇ ಗಟ್ಟಿಯಾಗಿ ಬೈದಿದ್ದೆ. ಇಂಟರ್ನ್‌ಶಿಪ್‌ಗೆ ಹೋಗುವವರೆಲ್ಲ ತಿಂಗಳ ಕೊನೆಯೊಳಗೆ ಕೋಣೆ ಖಾಲಿ ಮಾಡಬೇಕು, ಹೊಸ ಬ್ಯಾಚಿನವರಿಗೆ ಜಾಗ ಸಾಲದು ಎಂದು ಅದರಲ್ಲಿತ್ತು. ನಾಲ್ಕು ವರ್ಷ ಫಿಸಿಯೋಥೆರಪಿ ಓದಿ, ಪರೀಕ್ಷೆಗಳನ್ನೆಲ್ಲ ಮುಗಿಸಿ, ಇನ್ನು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಒಂದು ಮುಗಿಸಿದರೆ ಡಿಗ್ರಿ ಕೈಗೆ ಬರುತ್ತದೆ ಎನ್ನುವಾಗ ನಮ್ಮನ್ನು ಬೀದಿಗೆ ಹಾಕುವುದೆಂದರೆ ಎಂತಹ ನ್ಯಾಯ? ವಾರ್ಡನ್ ಹೊರಗೆ ಬರಲಿಲ್ಲ. ಬಾಗಿಲನ್ನು ಒಳಗಿನಿಂದ ಮೆಲ್ಲಗೆ ಎಳೆದುಕೊಂಡರು, ಅಷ್ಟೇ.

ನನ್ನ ಜೊತೆ ಕೋಣೆಯಲ್ಲಿದ್ದ ಗೆಳತಿ ಬೈಯಲಿಲ್ಲ. ಅವಳು ನೋಟಿಸನ್ನು ಎರಡು ಸಲ ಓದಿ, ಫೋನಿನಲ್ಲಿ ಅದರ ಫೋಟೋ ತೆಗೆದು, ಬಸ್ಸಿನ ವೇಳೆ ನೋಡಲು ಶುರು ಮಾಡಿದಳು. ಅವಳ ಮನೆ ವಿಟ್ಲದಿಂದಲೂ ಒಳಗೆ. ತಂದೆಗೆ ಅಲ್ಲಿ ಜಿನಸಿನ ಅಂಗಡಿ. ಕರಾವಳಿಯ ಮುಸ್ಲಿಮರಾದ ಬ್ಯಾರಿ ಕುಟುಂಬ, ಆ ಮನೆಯಿಂದ ಕಾಲೇಜಿಗೆ ಬಂದ ಮೊದಲ ಹುಡುಗಿ ಅವಳೇ. ಅತ್ತಾವರದ ಆಸ್ಪತ್ರೆಯಲ್ಲಿ ನಮ್ಮ ಕೆಲಸ ಬೆಳಿಗ್ಗೆ ಏಳೂವರೆಗೆ ಶುರು. ಅವಳ ಊರಿನ ಮೊದಲ ಬಸ್ಸು ಹಿಡಿದು ಬಂದರೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಮುಟ್ಟುವಾಗ ಎಂಟೂಮುಕ್ಕಾಲು. ಮೂರು ದಿನ ತಡವಾದರೆ ಒಂದು ದಿನದ ಹಾಜರಿ ಹೋಗುತ್ತಿತ್ತು. ಪೇಯಿಂಗ್ ಗೆಸ್ಟ್ ಕೋಣೆಗಳನ್ನು ಅವಳ ತಂದೆ ತಾವೇ ಬಂದು ನೋಡಿ, ಒಂದು ಕೋಣೆಯಲ್ಲಿ ಆರು ಮಂಚ ಇದ್ದದ್ದನ್ನು ಕಂಡು ಮುಖ ಸಿಂಡರಿಸಿಕೊಂಡು ಹೋಗಿದ್ದರು. ಅವರ ಮಾತು ಸ್ಪಷ್ಟವಿತ್ತು: ಮರ್ಯಾದೆಯ ಮನೆ ಸಿಕ್ಕಿದರೆ ಇರಬಹುದು, ಸಿಗದಿದ್ದರೆ ಊರಿಗೆ ಬರಬೇಕು, ಇಷ್ಟು ಓದಿದ್ದು ಸಾಕು. ಇಂಟರ್ನ್‌ಶಿಪ್ ಇಲ್ಲದೆ ಡಿಗ್ರಿ ಇಲ್ಲ ಎನ್ನುವುದು ಅವರಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ಹಾಗೆ ಹೇಳಿದರೋ ನನಗೆ ಗೊತ್ತಿಲ್ಲ.

ನನ್ನ ಕಥೆ ಅಷ್ಟು ಇಕ್ಕಟ್ಟಿನದ್ದಲ್ಲ. ಸೋದರಮಾವ ಪಣಂಬೂರಿನ ಬಂದರಿನಲ್ಲಿ ಕೆಲಸಕ್ಕಿದ್ದರು, ಅವರ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಖಾಲಿಯೇ ಇತ್ತು. ಆದರೆ ಅತ್ತೆಯ ಉಪದೇಶ ಕೇಳುತ್ತಾ ಎರಡು ಬಸ್ಸು ಬದಲಿಸುವುದಕ್ಕಿಂತ ಗೆಳತಿಯ ಜೊತೆ ಮನೆ ಮಾಡುವುದೇ ಸುಖ ಎಂದು ನಾನು ತೀರ್ಮಾನಿಸಿದ್ದೆ. ನಾವಿಬ್ಬರೂ ಒಟ್ಟಿಗೆ ಇರುತ್ತೇವೆ ಎಂದು ಕಾಲೇಜಿನಲ್ಲೆಲ್ಲ ಹೇಳಿಕೊಂಡೂ ಬಂದಿದ್ದೆ.

ಕೆಲಸವನ್ನು ಹಂಚಿಕೊಂಡೆವು. ಬೋರ್ಡು ಹುಡುಕುವುದು, ವಾಟ್ಸಾಪ್ ಗ್ರೂಪುಗಳಲ್ಲಿ ಕಣ್ಣಿಡುವುದು, ಬ್ರೋಕರ್ ಜೊತೆ ಜಗಳ ಮಾಡುವುದು ನನ್ನದು. ಮನೆ ಕೊಡುವವರಿಗೆ ಫೋನ್ ಮಾಡುವುದು ಅವಳದು. ಇದಕ್ಕೊಂದು ಕಾರಣವಿತ್ತು. ನಾನು ತುಳು ಮನೆಯವಳೇ ಆದರೂ ಹತ್ತನೇ ಕ್ಲಾಸಿನವರೆಗೆ ಬೆಳೆದದ್ದು ಬಹರೈನ್‌ನಲ್ಲಿ, ಅಪ್ಪನ ಕೆಲಸದ ಜಾಗದಲ್ಲಿ. ತುಳು ಕೇಳಿದರೆ ಅರ್ಥವಾಗುತ್ತದೆ. ಮಾತಾಡಲು ಹೊರಟರೆ ಮೂರು ಪದಕ್ಕೊಮ್ಮೆ ಕಾಲು ಮುಗ್ಗರಿಸುತ್ತದೆ. ಅವಳದು ಹಾಗಲ್ಲ. ಮನೆಯಲ್ಲಿ ಬ್ಯಾರಿ ಭಾಷೆ, ಅಂಗಳ ದಾಟಿದರೆ ತುಳು. ಅಪ್ಪನ ಅಂಗಡಿಯಲ್ಲಿ ಕೂತು ಊರಿನವರೊಂದಿಗೆಲ್ಲ ಮಾತಾಡಿ ಬೆಳೆದವಳು. ಮಂಗಳೂರಿನಲ್ಲಿ ಮನೆ ಕೊಡುವವರಿಗೆ ಕನ್ನಡದಲ್ಲಿ ಫೋನ್ ಮಾಡಿದರೆ ನೀವು ಹೊರಗಿನವರು. ತುಳುವಿನಲ್ಲಿ ಮಾಡಿದರೆ ಕನಿಷ್ಠ ಫೋನ್ ಇಡುವ ಮೊದಲು ನಿಮ್ಮ ಊರು ಯಾವುದೆಂದು ಕೇಳುತ್ತಾರೆ.

ಅಷ್ಟಾದರೂ ಮನೆ ಸಿಗಲಿಲ್ಲ. ಅತ್ತಾವರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರು ಕೋಣೆಗಳಲ್ಲಿ ಎರಡಕ್ಕೆ ಬೀಗ. ಓನರ್‌ನ ಹಳೆಯ ಸೋಫಾಗಳು ಅಲ್ಲಿ ಸುಖವಾಗಿ ವಾಸವಿದ್ದವು. ಇನ್ನೊಂದರಲ್ಲಿ ಲಿಫ್ಟಿನ ಬಾಗಿಲಿಗೆ ‘ವಿದ್ಯಾರ್ಥಿಗಳು ಮೆಟ್ಟಿಲು ಬಳಸಿ’ ಎಂದು ಬರೆದಿತ್ತು. ಮನೆ ಆರನೇ ಮಾಳಿಗೆಯಲ್ಲಿ. ಬ್ರೋಕರ್ ಎಲ್ಲದಕ್ಕೂ ಒಂದೇ ರಾಗ ಹಾಡುತ್ತಿದ್ದ.

“ಎಂತ ಮಾಡುದು ಮೇಡಂ, ಓನರ್ ಫ್ಯಾಮಿಲಿಯೇ ಬೇಕು ಹೇಳ್ತಾರೆ.”

“ನಾವೂ ಫ್ಯಾಮಿಲಿಯಿಂದಲೇ ಬಂದವರು, ಆಕಾಶದಿಂದ ಬಿದ್ದದ್ದಲ್ಲ” ಎಂದೆ.

“ಅದು ಹೌದು. ಆದ್ರೆ ನೀವಿಬ್ರು ಬೇರೆ ಬೇರೆ ಅಲ್ವಾ? ಒಬ್ಬೊಬ್ರೇ ಆದ್ರೆ ನಾನು ನಾಳೆಯೇ ಮಾಡಿಸಿ ಕೊಡ್ತೇನೆ.”

ಆ ‘ಬೇರೆ ಬೇರೆ’ ಎನ್ನುವುದನ್ನು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ಉಳಿದವರು ಹೇಳುತ್ತಿರಲಿಲ್ಲ. ಫೋನಿನಲ್ಲಿ ಹೆಸರು ಕೇಳುತ್ತಿದ್ದರು, ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು, ಮತ್ತೆ ಮಗನನ್ನೋ ಅಳಿಯನನ್ನೋ ಕೇಳಿ ಹೇಳುತ್ತೇವೆ ಎನ್ನುತ್ತಿದ್ದರು. ಆ ಮಗ, ಆ ಅಳಿಯ ಒಬ್ಬನೂ ತಿರುಗಿ ಫೋನ್ ಮಾಡಿದವನಲ್ಲ. ಮನೆಗೇ ಹೋದಾಗ ಅವಳ ತಲೆಯ ಮೇಲಿನ ಶಾಲನ್ನು ನೋಡಿ, ಮನೆ ನಿನ್ನೆ ತಾನೇ ಹೋಯಿತು ಎಂದವರೂ ಇದ್ದರು. ಬೋರ್ಡು ಮಾತ್ರ ಗೇಟಿನಲ್ಲಿ ಹಾಗೆಯೇ ತೂಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು “ಬಾ ಮಾರಾಯ್ತಿ, ಬಿಸಿಲಿಗೆ ನಿಲ್ಲುದು ಬೇಡ” ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಅವಳ ಈ ತಣ್ಣಗಿನ ಸ್ವಭಾವದ ಮೇಲೂ ನನಗೆ ಸಿಟ್ಟಿತ್ತು.

ಇದು ಒಂದೇ ಕಡೆಯ ಮಾತೂ ಅಲ್ಲ. ಅವಳ ತಂದೆಗೆ ಪರಿಚಯದ ಒಬ್ಬರು ಬಟ್ಟೆ ವ್ಯಾಪಾರಿ, ಮಕ್ಕಳೆಲ್ಲ ಗಲ್ಫಿನಲ್ಲಿ. ಅವರ ಮನೆಯ ಹಿಂದೆ ಸಣ್ಣದೊಂದು ಮನೆ ಖಾಲಿಯಿತ್ತು. ಅವರ ಹೆಂಡತಿ ನಮ್ಮನ್ನು ಕೂರಿಸಿ ಲಿಂಬೆ ಶರಬತ್ತು ಕೊಟ್ಟರು, ನನ್ನ ಅಮ್ಮನ ಆರೋಗ್ಯ ಕೇಳಿದರು, ನನ್ನ ತಟ್ಟೆಗೆ ಇನ್ನೊಂದು ಸಮೋಸ ಹಾಕಿದರು. ಆಮೇಲೆ ಗೆಳತಿಯ ಕಡೆಗೆ ತಿರುಗಿದರು.

“ನೀನು ಬಂದು ಇರು ಮೋಳೆ, ನಮ್ಮ ಮಗಳ ಹಾಗೆ. ಈ ಮಗುವನ್ನು ಜೊತೆಗೆ ಇಟ್ಕೊಂಡ್ರೆ ನಾಳೆ ಯಾರಾದ್ರೂ ಬಂದು ಗಲಾಟೆ ಮಾಡ್ತಾರೆ. ಆಗ ನಮ್ಮ ಗಂಡಸರು ಸ್ಟೇಷನ್‌ಗೆ ಅಲೆಯುದಾ?”

ಅವರ ಹೆದರಿಕೆ ಸುಳ್ಳಲ್ಲ. ಈ ಊರಿನಲ್ಲಿ ಇರುವವರಿಗೆಲ್ಲ ಅದು ಗೊತ್ತು. ಆದರೂ ಆ ಎರಡನೇ ಸಮೋಸವನ್ನು ನಾನು ತಟ್ಟೆಯಲ್ಲೇ ಬಿಟ್ಟೆ. ಹೊರಗೆ ಬಂದ ಮೇಲೆ, ನೀನೊಬ್ಬಳಾದರೂ ಇಲ್ಲಿ ಇರು ಎಂದೆ. ಇಬ್ಬರೂ ಎಂದು ನಾವೇ ಹೇಳಿದ್ದಲ್ಲವೇ ಎಂದು ಅವಳು ನಡೆದಳು. ಆ ದಿನ ಅವಳು ಆ ಮನೆಗೆ ಹ್ಞೂಂ ಎಂದಿದ್ದರೆ ಅಲ್ಲಿಗೇ ಅವಳ ಕಷ್ಟ ಮುಗಿಯುತ್ತಿತ್ತು.

ತಿಂಗಳು ಮುಗಿಯಲು ಹತ್ತು ದಿನ ಇರುವಾಗ ದೇರೆಬೈಲಿನ ಉಪ್ಪರಿಗೆ ಮನೆಯ ಸುದ್ದಿ ಬಂತು. ಕೆಳಗೆ ಗಂಡ ತೀರಿಕೊಂಡ ಒಬ್ಬ ವಯಸ್ಸಾದ ಅಮ್ಮ, ಮೇಲೆ ಎರಡು ಕೋಣೆ, ಅಡುಗೆಮನೆ, ಹೊರಗಿನಿಂದಲೇ ಮೆಟ್ಟಿಲು. ಮಗ ಶಾರ್ಜಾದಲ್ಲಿ. ಗೆಳತಿ ಫೋನ್ ಮಾಡಿದಳು. ಎರಡು ನಿಮಿಷದ ಮಾತು ಎಂದುಕೊಂಡರೆ ಅರ್ಧ ಗಂಟೆಯಾಯಿತು. ಮಾತು ಹೇಗೋ ಬೀಡಿಯ ಕಡೆಗೆ ಹೋಗಿತ್ತು. ಆ ಅಮ್ಮ ವಯಸ್ಸಿನಲ್ಲಿ ಬೀಡಿ ಕಟ್ಟಿಯೇ ಮಗನನ್ನು ಓದಿಸಿದವರು. ಇವಳ ಅಜ್ಜಿಯೂ ಬೀಡಿ ಕಟ್ಟಿದವರು, ಇವಳು ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂತು ಎಲೆ ಕತ್ತರಿಸಿ ಕೊಟ್ಟವಳು. ಎಲೆಯನ್ನು ಎಷ್ಟು ಹೊತ್ತು ನೆನೆಸಬೇಕು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಹೇಗೆ ಒಳ್ಳೆಯ ಬೀಡಿಯನ್ನೂ ಸರಿಯಿಲ್ಲವೆಂದು ಬದಿಗೆ ಎಸೆಯುತ್ತಿದ್ದರು ಎಂದು ಇಬ್ಬರೂ ಸೇರಿ ಯಾರನ್ನೋ ಬೈದು ನಕ್ಕರು. ಮರುದಿನ ಅವರೇ ಫೋನ್ ಮಾಡಿದರು, ಇವಳು ವರಾಂಡಕ್ಕೆ ಹೋಗಿ ಮಾತಾಡಿ ಬಂದಳು. ಅದರ ಮರುದಿನ ಮತ್ತೆ ಇವಳು ಮಾಡಿದಳು. ನಾನು ಮಂಚದ ಮೇಲೆ ಬಿದ್ದುಕೊಂಡು ಕಿವಿಗೆ ಬಿದ್ದಷ್ಟು ಕೇಳುತ್ತಿದ್ದೆ. ಪಾಪ, ಇವಳು ಯಾರೆಂದು ಆ ಅಮ್ಮನಿಗೆ ಗೊತ್ತಿಲ್ಲ, ಗೊತ್ತಾದ ದಿನ ನೋಡಬೇಕು ಎಂದು ಮನಸ್ಸಿನಲ್ಲೇ ಕಹಿಯಾಗಿ ಅಂದುಕೊಂಡೆ.

ಒಂದು ಮಧ್ಯಾಹ್ನ ಮನೆ ನೋಡಲು ಹೋದೆವು. ಅಮ್ಮ ಗೇಟಿನಲ್ಲೇ ನಿಂತಿದ್ದರು. “ಬಲೆ ಬಲೆ” ಎಂದು ತುಳುವಿನಲ್ಲಿ ಒಳಗೆ ಕರೆದವರು ನನ್ನನ್ನೊಮ್ಮೆ ನೋಡಿ, ಅವಳ ಶಾಲನ್ನೊಮ್ಮೆ ನೋಡಿದರು. ಒಂದು ಕ್ಷಣ ಹೆಚ್ಚೇ ನೋಡಿದರು ಎಂದು ನನಗೆ ಅನಿಸಿತು. ಆ ನೋಟ ನನಗೆ ಬಾಯಿಪಾಠವಾಗಿತ್ತು. ಅಲ್ಲಿಗೆ ನನ್ನ ಲೆಕ್ಕದಲ್ಲಿ ಈ ಮನೆಯೂ ಮುಗಿಯಿತು.

ಒಳಗೆ ಕೂರಿಸಿ, ಕ್ರಮದಂತೆ ಬೆಲ್ಲ ನೀರು ತಂದಿಟ್ಟರು. ನನ್ನನ್ನು ತುಳುವಿನಲ್ಲಿ ಯಾವ ಕಡೆಯವಳು, ಯಾರ ಮನೆ ಎಂದು ಕೇಳಿದರು. ನಾನು ತಡವರಿಸಿ ಏನೋ ಹೇಳಿದೆ. ಅವರು ನಕ್ಕು ಗೆಳತಿಯ ಹತ್ತಿರ, “ಇವಳಿಗೆ ನಮ್ಮ ತುಳು ಬರುದಿಲ್ವಾ?” ಎಂದರು. ನನಗೆ ಅದೂ ಚುಚ್ಚಿತು. ಮೇಲೆ ಹೋಗಿ ಮನೆ ನೋಡಿದೆವು. ಹೊಸದಾಗಿ ಸುಣ್ಣ ಬಳಿದ ವಾಸನೆ, ಕೆಂಪು ನೆಲ, ಕಿಟಕಿಯ ಹತ್ತಿರ ಒಂದು ಹಲಸಿನ ಮರ. ಗೆಳತಿ ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ಕೆಳಗೆ ಕೈ ಹಿಡಿದು ನಿಂತಳು. ಇಷ್ಟು ದಿನದಲ್ಲಿ ಅವಳು ಯಾವ ಮನೆಯಲ್ಲೂ ಹಾಗೆ ನಿಂತಿರಲಿಲ್ಲ. ಇದೊಂದು ಸಿಗಲಿ ದೇವರೇ ಎಂದು ನಾನೂ ಕೇಳಿಕೊಂಡೆ.

ಕೆಳಗೆ ಬಂದು ಕೂತ ಮೇಲೆ ಅಮ್ಮ ಹೇಳಿದರು.

“ನನಗೆ ಎಂತ ತೊಂದರೆಯೂ ಇಲ್ಲ. ಒಂದು ಮಾತು ಮಗನನ್ನು ಕೇಳಬೇಕು. ಆದಿತ್ಯವಾರ ಫೋನ್ ಮಾಡ್ತಾನೆ, ಕೇಳಿ ಹೇಳ್ತೇನೆ.”

ಮಗ! ಆ ತಿಂಗಳಿಡೀ ಕೇಳಿ ಕೇಳಿ ಸಾಕಾಗಿದ್ದ ಮಗ. ಗೆಳತಿ “ಆಯ್ತಮ್ಮ, ಕೇಳಿ ಹೇಳಿ, ಅವಸರ ಇಲ್ಲ” ಎನ್ನುತ್ತಿದ್ದಳು. ಅವಸರ ಇಲ್ಲವೇ? ತಿಂಗಳು ಮುಗಿಯಲು ಒಂದು ವಾರವೂ ಇರಲಿಲ್ಲ. ನಾನು ಎದ್ದು ನಿಂತೆ. ಸಿಟ್ಟಿಗೆ ಸಾಕಾಗುವಷ್ಟು ತುಳು ನನ್ನ ಹತ್ತಿರ ಇರಲಿಲ್ಲ, ಕನ್ನಡದಲ್ಲೇ ಹೇಳಿದೆ.

“ಕೇಳುದೆಂತ ಅಮ್ಮ? ಕೊಡುದಿಲ್ಲ ಅಂತ ಈಗಲೇ ಹೇಳಿಬಿಡಿ. ಫೋನಿನಲ್ಲಿ ಇವಳ ತುಳು ಕೇಳುವಾಗ ಚಂದ ಇತ್ತು. ಶಾಲು ನೋಡಿದ ಮೇಲೆ ಮಗನ ನೆನಪಾಯ್ತು ಅಲ್ವಾ? ನಿಮ್ಮ ಮಗ ಅಲ್ಲಿ ಯಾರ ಕೈಕೆಳಗೆ ಕೆಲಸ ಮಾಡುದು, ಯಾರ ಅನ್ನ ತಿನ್ನುದು, ಅದನ್ನು ಮೊದಲು ಕೇಳಿ!”

ಗೆಳತಿ ನನ್ನ ಕೈ ಹಿಡಿದು ಕೆಳಗೆ ಎಳೆದಳು. ನಾನು ಕೊಡವಿಕೊಂಡೆ. ಇನ್ನೂ ಏನೇನೋ ಹೇಳಿದೆ. ಹೇಳುವಾಗ ಬಹಳ ಹಗುರವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೆಸರು ಕೇಳಿ ಗಂಟಲು ಸರಿ ಮಾಡಿಕೊಂಡವರಿಗೆಲ್ಲ ಸೇರಿಸಿ ಹೇಳುತ್ತಿದ್ದೇನೆ ಎನಿಸಿತ್ತು. ಅಮ್ಮ ಬೆಲ್ಲದ ತಟ್ಟೆಯನ್ನೂ ನೀರಿನ ಚೆಂಬನ್ನೂ ಎತ್ತಿಕೊಂಡು ಒಳಗೆ ಹೋದರು. ನಾವು ಐದು ನಿಮಿಷ ಕಾದರೂ ಹೊರಗೆ ಬರಲಿಲ್ಲ. ಗೆಳತಿ ಅಡುಗೆಮನೆಯ ಬಾಗಿಲಿನವರೆಗೆ ಹೋಗಿ ತುಳುವಿನಲ್ಲಿ ಮೆಲ್ಲಗೆ ಏನೋ ಹೇಳಿ ಬಂದಳು.

ಬಸ್ ಸ್ಟಾಪಿನವರೆಗೆ ನಾನೇ ಮಾತಾಡುತ್ತಾ ಬಂದೆ. ಹೇಗೆ ಬಾಯಿ ಮುಚ್ಚಿಸಿದೆ ನೋಡು ಎಂದೂ ಹೇಳಿದೆ. ಅವಳು ರಸ್ತೆಯನ್ನು ನೋಡುತ್ತಾ ನಿಂತಿದ್ದಳು.

“ಅವರಿಗೆ ಗೊತ್ತುಂಟು” ಎಂದಳು.

“ಎಂತ?”

“ನನ್ನ ಹೆಸರು. ನಾನು ಬ್ಯಾರಿ ಅಂತ. ಎರಡನೇ ದಿನವೇ ಫೋನಿನಲ್ಲಿ ಹೇಳಿದ್ದೇನೆ. ‘ನಮ್ಮ ಹಳೇ ಮನೆಯ ನೆರೆಯಲ್ಲಿ ಬ್ಯಾರಿಗಳೇ ಇದ್ದದ್ದು, ಅವರ ಮಕ್ಕಳು ನನ್ನ ಚಾಪೆಯಲ್ಲೇ ಮಲಗಿ ದೊಡ್ಡವರಾದದ್ದು, ನೀನು ಬಾ’ ಅಂದಿದ್ರು.”

“ಮತ್ತೆ ಮಗನನ್ನು ಕೇಳುದು ಯಾಕೆ?”

“ಮನೆ ಮಗನ ದುಡ್ಡಲ್ಲಿ ಕಟ್ಟಿದ್ದು. ಅವನಿಗೆ ಹೇಳದೆ ಅವರು ಒಂದು ಬಲ್ಬ್ ಕೂಡ ಬದಲಿಸುದಿಲ್ಲ. ಕೇಳ್ತೇನೆ ಅಂದ್ರೆ ಅವರು ಕೇಳ್ತಾರೆ ಮಾರಾಯ್ತಿ, ಅಷ್ಟೇ.”

ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೆಯೇ ಹರಿಹಾಯ್ದೆ.

“ಹೇಳಿದ್ರೆ ನೀನು ಬರ್ತಿದ್ದಿಯಾ? ‘ಇದೂ ಒಂದು ನಾಟಕ’ ಅಂತ ಹೇಳಿ ಅಲ್ಲೇ ಮಲಗ್ತಿದ್ದಿ.”

ನಿಜವೇ. ಬಸ್ಸು ಬಂತು. ನಾವು ಬೇರೆ ಬೇರೆ ಸೀಟಿನಲ್ಲಿ ಕೂತೆವು. ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು.

ಆದಿತ್ಯವಾರ ಹೋಯಿತು, ಫೋನ್ ಬರಲಿಲ್ಲ. ಅವಳ ತಂದೆ ಮಾತ್ರ ಫೋನ್ ಮಾಡಿ, ಬುಧವಾರ ಅಂಗಡಿಯ ಪಿಕಪ್ ತರುತ್ತೇನೆ, ಸಾಮಾನು ಕಟ್ಟಿಡು ಎಂದರು. ಅವಳು ಕಟ್ಟತೊಡಗಿದಳು. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ಬಿಳಿ ಕೋಟನ್ನು ಇಸ್ತ್ರಿ ಮಾಡಿ ಮಡಚಿ, ಅದನ್ನು ಎಲ್ಲದಕ್ಕಿಂತ ಕೆಳಗೆ ಇಟ್ಟಳು. ಇವಳ ನಾಲ್ಕು ವರ್ಷದ ಓದನ್ನು ನಾನು ಐದು ನಿಮಿಷದಲ್ಲಿ ಹಾಳು ಮಾಡಿದೆನಲ್ಲ ಎಂದು ಸಂಕಟವಾಗುತ್ತಿತ್ತು. ಆ ಸಂಕಟವೂ ನನ್ನಲ್ಲಿ ಸಿಟ್ಟಾಗಿಯೇ ಹೊರಗೆ ಬರುತ್ತಿತ್ತು. ಮೆಸ್ಸಿನಲ್ಲಿ ಸಾರು ಸರಿಯಿಲ್ಲವೆಂದು ಕೂಗಾಡಿದೆ.

ಸೋಮವಾರ ಮಧ್ಯಾಹ್ನ ಅವಳ ಫೋನ್ ಬಡಿದುಕೊಂಡಿತು. ಅವಳು ವರಾಂಡಕ್ಕೆ ಹೋಗಿ ಮಾತಾಡಿ ಬಂದಳು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು.

“ಮಗ ಆಯ್ತು ಅಂದಿದ್ದಾನಂತೆ. ‘ನಿನಗೆ ಸರಿ ಕಂಡ್ರೆ ಕೊಡು, ನನ್ನನ್ನು ಎಂತ ಕೇಳುದು’ ಅಂದನಂತೆ.”

ನಾನು ಮಂಚದಿಂದ ಹಾರಿ ಅವಳನ್ನು ತಬ್ಬಿಕೊಂಡೆ. ದೊಡ್ಡ ಕೋಣೆ ನಿನಗೆ, ಹಲಸಿನ ಮರದ ಕಡೆಯದ್ದು ನನಗೆ, ಗ್ಯಾಸ್ ಸ್ಟವ್ ಮಾವನ ಮನೆಯಿಂದ ತರುತ್ತೇನೆ ಎಂದೆಲ್ಲ ಹೇಳುತ್ತಾ ಹೋದೆ. ಅವಳ ಕೈಗಳು ನನ್ನ ಬೆನ್ನಿನ ಮೇಲೆ ಸುಮ್ಮನಿದ್ದವು.

“ನನ್ನನ್ನು ಬಾ ಅಂದ್ರು” ಎಂದಳು. “ಜೊತೆಗೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬಾ ಅಂದ್ರು. ಆ ಜೋರಿನ ಹುಡುಗಿ ಬೇಡ ಅಂದ್ರು.”

ಮೊದಲು ನನಗೆ ನಗು ಬಂತು. ಆಮೇಲೆ ಮುಖ ಬಿಸಿಯಾಯಿತು. ನಾನು ತುಳುವಿನವಳು, ನಾನು ಆ ಅಮ್ಮನ ಕಡೆಯವಳು, ನನ್ನನ್ನು ಬೇಡ ಅನ್ನುವುದೇ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಇಷ್ಟು ದಿನ ಯಾರ್‍ಯಾರಿಗೋ ಬೈದ ನನ್ನೊಳಗೂ ಅದು ಹೀಗೆ ತಯಾರಾಗಿ ಕೂತಿತ್ತಲ್ಲ! ಅದನ್ನು ನುಂಗಿಕೊಂಡೆ. ಬೇರೆ ಮಾತು ಹೇಳಿದೆ.

“ನಾನು ಮಾತಾಡಿದ್ದು ಯಾರಿಗಾಗಿ? ನಿನಗಾಗಿ ಅಲ್ವಾ?”

“ನನಗಾಗಿ ಮಾತಾಡು ಅಂತ ನಾನು ಹೇಳಿದ್ದೆನಾ? ನಾನು ಮೂರು ದಿನದಿಂದ ಮಾತಾಡ್ತಾ ಇದ್ದೆ.” ಅವಳ ದನಿ ಏರಲಿಲ್ಲ. “ನೀನು ಬಂದು ಒಂದು ಮಾತು ಹೇಳು, ಅವರು ಕರಗ್ತಾರೆ. ಮಗನ ಅನ್ನದ ಮಾತು ಆಡಿದ್ದೇ ಅವರಿಗೆ ತಾಗಿದ್ದು. ಒಂದೇ ಮಾತು ಸಾಕು.”

ನೋಡುವ ಎಂದೆ. ಅವಳು ನನ್ನನ್ನು ಮತ್ತೆ ಕೇಳಲಿಲ್ಲ. ಸಂಜೆಗೆ ಮೇಲಿನ ಮಹಡಿಯ ನರ್ಸಿಂಗ್ ಹುಡುಗಿಯೊಬ್ಬಳನ್ನು ಜೊತೆಗೆ ಗೊತ್ತು ಮಾಡಿಕೊಂಡು ಬಂದಳು. ಗುರುತಿಲ್ಲದ ಮನೆಯಲ್ಲಿ ಒಬ್ಬಳೇ ಇದ್ದರೆ ತಂದೆ ಒಪ್ಪುತ್ತಿರಲಿಲ್ಲ. ಅವಳಿಗೆ ಇನ್ನು ತಡ ಮಾಡುವ ಹಾಗಿರಲಿಲ್ಲ. ನಾನು ಪಣಂಬೂರಿಗೆ ಫೋನ್ ಮಾಡಿದೆ. ಮಾವ, ಕೋಣೆ ಗುಡಿಸಿಯೇ ಇಟ್ಟಿದ್ದೇವೆ ಎಂದರು.

ಬುಧವಾರ ಅವಳ ತಂದೆ ಪಿಕಪ್ ತಂದರು. ಸಾಮಾನು ಇಳಿಸಲು ನಾನೂ ದೇರೆಬೈಲಿಗೆ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಬೇಕಾದ್ದನ್ನು ಕಲಿಯುತ್ತಿದ್ದೆ. ತಪ್ಪಾಯಿತು ಎನ್ನಲು ತುಳುವಿನಲ್ಲಿ ಒಂದೇ ಪದ: ‘ತಪ್ಪಾಂಡ್’. ನನ್ನಂತಹ ಮುಗ್ಗರಿಸುವವಳೂ ಸರಿಯಾಗಿ ಹೇಳಬಹುದಾದ ಪದ.

ಅಮ್ಮ ಗೇಟು ತೆರೆದು ನಿಂತಿದ್ದರು. ಗೆಳತಿಯ ತಂದೆ ಮನೆಯನ್ನು, ಬಾವಿಯನ್ನು, ಮೆಟ್ಟಿಲನ್ನು ನೋಡಿ, ಅಮ್ಮನ ಹತ್ತಿರ ತುಳುವಿನಲ್ಲಿ ಮಾತಿಗೆ ನಿಂತರು. ಹತ್ತು ನಿಮಿಷದಲ್ಲಿ ಅವರಿಬ್ಬರಿಗೂ ಗುರುತಿದ್ದ ವಿಟ್ಲದ ಯಾರೋ ಒಬ್ಬರು ಸಿಕ್ಕಿಯೂ ಬಿಟ್ಟರು. ಗೆಳತಿ ಪುಸ್ತಕದ ಪೆಟ್ಟಿಗೆ ಎತ್ತಿಕೊಂಡು ಮೇಲೆ ಹೋದಳು. ನಾನು ಅವಳ ಬಕೆಟನ್ನು, ಅದರೊಳಗಿನ ಪಾತ್ರೆಗಳ ಸಮೇತ ಹಿಡಿದುಕೊಂಡು ಮೆಟ್ಟಿಲಿಗೆ ಕಾಲಿಟ್ಟೆ.

“ಅಲ್ಲೇ ಇಡು” ಎಂದರು ಅಮ್ಮ, ನನಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. “ಅವಳೇ ತಗೊಂಡು ಹೋಗ್ತಾಳೆ.”

ಇಟ್ಟೆ. ಆಗ ಹೇಳಬಹುದಿತ್ತು. ಅವರು ನನ್ನ ಎದುರೇ ನಿಂತಿದ್ದರು, ನಾನು ಏನಾದರೂ ಹೇಳುತ್ತೇನೆಂದು ಸ್ವಲ್ಪ ಹೊತ್ತು ಕಾದರು ಎಂದೂ ನನಗೆ ಈಗ ಅನಿಸುತ್ತದೆ. ಅಷ್ಟು ಜೋರಾಗಿ ತೆರೆದುಕೊಂಡಿದ್ದ ಬಾಯಿಗೆ ಆ ಒಂದು ಪದ ಬರಲಿಲ್ಲ.

“ಇಲ್ಲಿಂದ ಸ್ಟೇಟ್ ಬ್ಯಾಂಕ್‌ಗೆ ಬಸ್ಸು ಎಷ್ಟು ಗಂಟೆಗೆ?” ಎಂದು ಕೇಳಿದೆ.

“ಈಗ ಬರ್ತದೆ” ಎಂದರು. “ಬೇಗ ಹೋಗು.”